ಜರ್ಮನಿ ಕಪ್ಪಿನ ನೀರು

ಕಂದೀಲದ ಬತ್ತಿ ಸ್ವಲ್ಪ ಇಳಸ್ರಿ. ಹಾಂ... ಸಾಕು. ಇದು ಯಾರೋ ಹೇಳಿದ್ದು, ಯಾರೋ ಕೇಳಿದ್ದು ಅಲ್ಲ. ನಮ್ಮ ದೊಡ್ಡಪ್ಪನ ಮಗ ಗುತ್ತೆಪ್ಪಗ ಆಗಿದ್ದು. ಇದ ಆಡೂರಾಗ.

ಜರ್ಮನಿ ಯುದ್ಧ ಸುರುವಾದ ಮರುವರ್ಷದ ಬ್ಯಾಸಿಗಿ. ಗುತ್ತೆಪ್ಪ ಸವಣೂರಿಂದ ನಡಕೊಂತ ಊರಿಗೆ ಬರಾಕತ್ತಿದ್ದ. ಬಂಕಾಪುರ ದಾಟೂದರಾಗ ಕತ್ತಲಾತು. ತಲಿ ಮ್ಯಾಲ ಒಂದು ಕಟಗಿ ಪೆಟಗಿ. ಪೆಟಗಿ ತುಂಬ ಜ್ವಾಳದ ಹೊಟ್ಟು. ಹೊಟ್ಟಿನ ನಡುವ ಒಂದ ಒಂದು ಪಿಂಗಾಣಿ ಕಪ್ಪು. ಚಕ್ಕಡಿಯಾಗ ಇಟ್ರ ಕುಲುಕಿ ಒಡೀತೈತಿ ಅಂತ ಅವನ ಧಣಿ ಹೇಳಿದ್ದ. ಆಳಿನ ಕುತ್ತಿಗಿ ಮುರದ್ರ ನಡೀತೈತಿ, ಕಪ್ಪು ಒಡೀಬಾರದು.

ಊರು ಇನ್ನ ಎರಡು ಕೂಗಳತಿ ಐತಿ ಅನ್ನೂದರಾಗ ಆಲದ ಮರ, ಅದರ ಬುಡಕ ಕಲ್ಲಿನ ಬಾವಿ. ಆ ಬಾವಿ ನಿಮಗೂ ಗೊತ್ತೈತಿ. ಗಾಳಿ ಇದ್ದಿದ್ದಿಲ್ಲ. ಒಂದ ಎಲಿನೂ ಅಲಗಾಕತ್ತಿದ್ದಿಲ್ಲ. ಪೆಟಗಿ ಒಳಗ ಸಪ್ಪಳಾತು... ಟಿಂಣ್.

ಉಗುರಿಲೆ ಕಪ್ಪಿಗೆ ಹೊಡದಂಗ. ಗುತ್ತೆಪ್ಪ ಅಲ್ಲೇ ನಿಂತ. ಆ ಸಪ್ಪಳ ಅವಗ ಚಲೋ ಗೊತ್ತಿತ್ತು. ಯಾಕ ಗೊತ್ತಿತ್ತು ಅನ್ನೂದನ್ನ ಮೊದಲು ಹೇಳತೇನಿ, ತಡೀರಿ.

ನಮ್ಮೂರ ಧಣಿ ಕುಬೇರಪ್ಪಗ ಜರ್ಮನಿ ಪಿಂಗಾಣಿ ಹುಚ್ಚು. ಒಬ್ಬರಿಗೆ ಎತ್ತಿನ ಹುಚ್ಚು, ಒಬ್ಬರಿಗೆ ಕುಸ್ತಿ ಹುಚ್ಚು ಇರತೈತಿ. ಇವಗ ಇದು. ಪಡಸಾಲ್ಯಾಗ ಕನ್ನಡಿ ಬಾಗಲದ ಸಾಗವಾನಿ ಕಪಾಟ. ಅದರಾಗ ಮುಂಬೈಯಿಂದ ತರಿಸಿದ ಹೊಸಾ ಗೊಂಬಿ, ತಾಟು, ಹೂದಾನಿ. ನಡುವಿನ ಸಾಲಿನ್ಯಾಗ ಹಳೇವು, ಎಂಟು ಕಪ್ಪು. ಸವಣೂರಿನ ಗೌಸಸಾಬ ಅನ್ನೂ ವ್ಯಾಪಾರಿ ಹಳೇ ವಾಡೇದಾಗ ಒಂದೊಂದ ಹುಡಿಕಿ ತಂದು ಕೊಟ್ಟಿದ್ದ. ಅಂಚಿಗೆ ಬಂಗಾರದ ಗೆರಿ. ತಳದಾಗ ನೀಲಿ ಬಣ್ಣದ ಎರಡು ಕತ್ತಿ, ಒಂದರ ಮ್ಯಾಲೊಂದು. ದೀಪಕ್ಕ ಹಿಡದ್ರ ಆಚಿ ಕಡೆ ಹಿಡದ ಬೆರಳು ಕಾಣತಿತ್ತಂತ, ಅಷ್ಟು ತೆಳು. ಧಣಿ ದಿನಾ ಸಂಜಿಕೆ ಒಂದೊಂದಕ್ಕ ಉಗುರಿಲೆ ಹೊಡದು ಕಿವಿಗೊಟ್ಟು ಕೇಳಾಂವ. ಟಿಂಣ್ ಅಂದ್ರ ಗಟ್ಟಿ ಐತಿ. ಟಕ್ ಅಂದ್ರ ಬಿರದೈತಿ. ಹೆತ್ತ ಮಕ್ಕಳಿಗೆ ಜ್ವರ ಬಂದ್ರ ಹಣಿ ಮುಟ್ಟಿ ನೋಡಿದಾಂವಲ್ಲ ಆ ಮನಷ್ಯಾ. ಯುದ್ಧ ಬಂತು, ಜರ್ಮನಿ ಮಾಲು ಬರೂದು ನಿಂತಿತು. ಆಮ್ಯಾಲಂತೂ ಕಪಾಟದ ಕೀಲಿ ಉಡದಾರಕ್ಕ ಕಟಗೊಂಡ.

ಅವನ ಅವ್ವ ಹಾಲವ್ವ, ಮುದುಕಿ. ಆಕಿಗೆ ಇದೆಲ್ಲ ತಿಳೀತಿದ್ದಿಲ್ಲ. ಆ ಮನ್ಯಾಗ ಮನಿ ಮಂದಿ ಕುಡಿಯೂದು ಹಿತ್ತಾಳಿ ತಂಬಗಿಯಾಗ. ಪಿಂಗಾಣಿ ಅಂದ್ರ ಹೊರಗಿನವರಿಗೆ. ಕೇರಿ ಮಂದಿಗಂತ ಬಾಗಲ ಹೊರಗ ಗೂಡಿನ್ಯಾಗ ಒಂದು ಮುಕ್ಕಾದ ಪಿಂಗಾಣಿ ಕಪ್ಪು ಇಟ್ಟಿರತಿದ್ರು. ಹಂಗ್ಯಾಕ ನೋಡತೀರಿ? ನಿಮ್ಮ ಮನ್ಯಾಗೂ ಇತ್ತು.

ಗುತ್ತೆಪ್ಪ ಸವಣೂರಿಗೆ ಹೋಗೂ ಮೂರು ದಿನ ಮೊದಲಿನ ಮಾತು, ಗೂಡಿನ ಆ ಕಪ್ಪು ಒಡದಿತ್ತು. ಧಣಿ ತನ್ನ ಎಂಟೂ ಕಪ್ಪು ಒರಸಾಕ ಅಂತ ಕೆಳಗ ಇಳಸಿ, ಯಾರೋ ಕರದ್ರಂತ ಹೊರಗ ಹೋಗಿದ್ದ. ಕೇರಿಯ ಉಡಚವ್ವ ಮುಂಜಾನಿಂದ ಹಿತ್ತಲದಾಗ ಜ್ವಾಳ ತೂರಿ ತೂರಿ ಸೋತು ಬಂದು, “ಯವ್ವಾ, ಒಂದೀಟು ನೀರು,” ಅಂದಳು. ಮುದುಕಿ ಗೂಡು ನೋಡಿದಳು, ಬರಿದು. ಪಡಸಾಲ್ಯಾಗ ಸಾಲಾಗಿ ಪಿಂಗಾಣಿ ಕುಂತಿತ್ತು. ಒಂದನ್ನ ತಗೊಂಡು ನೀರು ತುಂಬಿ ಕೊಟ್ಟಳು. ಉಡಚವ್ವ ಅದನ್ನ ಬಾಯಿಗೆ ಒಯ್ಯೂದಕ್ಕೂ ಧಣಿ ಒಳಗ ಬರೂದಕ್ಕೂ ಸರಿ ಹೋತು.

“ಅಲ್ಲೇ ಹಿಡಿ,” ಅಂದ. ದನಿ ಏರಸಲಿಲ್ಲ.

“ಹಿತ್ತಾಳಿ ಆಗಿದ್ರ ಮೈಲಿಗಿ ಆಗತಿತ್ತು, ಪಿಂಗಾಣಿಗೆ ಏನಾಕ್ಕತೋ?” ಅಂದಳು ಮುದುಕಿ. “ತೊಳದ್ರಾತು.”

ಅವಗ ತೊಳದ್ರ ಆಗತಿದ್ದಿಲ್ಲ. ಬೂದಿ ಹಚ್ಚಿ ತಿಕ್ಕಿದ್ರ ಬಂಗಾರದ ಗೆರಿ ಹೋಗತೈತಿ. ಬೆಂಕಿಗೆ ಹಿಡದ್ರ ಬಿರೀತೈತಿ. ಒಡದು ಒಗಿಯಾಕ ಜೀವ ಒಪ್ಪವಲ್ದು. ಉಳದದ್ದು ಬಿಸಿಲು.

“ಅಂಗಳದಾಗ ನಿಂದ್ರು. ಆ ನೀರು ತಾನ ಆರಬೇಕು. ಒಂದು ಹನಿ ಕುಡದಿ, ಒಂದು ಹನಿ ಚೆಲ್ಲಿದಿ... ನಾಳಿ ನಿನ್ನ ಮಗಳು ನಿಂದರತಾಳ.”

ಕಾಯಾಕ ನಮ್ಮ ಗುತ್ತೆಪ್ಪನ್ನ ಕುಂದ್ರಿಸಿದ. ಗುತ್ತೆಪ್ಪಗ ಬೇವಿನ ನೆರಳು, ಮಗ್ಗಲದಾಗ ನೀರಿನ ತಂಬಗಿ. ಉಡಚವ್ವಗ ನಡು ಅಂಗಳ. ಎರಡೂ ಕೈಯಾಗ ಕಪ್ಪು, ಮೂಗಿನ ಮುಂದ ನೀರು. ಹೊತ್ತು ಏರಿತು. ಆಕಿ ಕಣ್ಣು ಮಂಜಾದ್ವು.

“ಅಣ್ಣಾ... ಆರೇತೇನ ನೋಡು,” ಅಂದಳು.

“ಇನ್ನಾ ಆರಿಲ್ಲ.”

ಮೂರು ಸಲ ಕೇಳಿದಳು. ಮೂರು ಸಲಾನೂ ಗುತ್ತೆಪ್ಪ ಕುಂತಲ್ಲಿಂದನ ಹಂಗ ಅಂದ. ಒಂದ ಸಲಾನೂ ಎದ್ದು ನೋಡಲಿಲ್ಲ. ಇದನ್ನ ಅವನ ನನಗ ಹೇಳಿದ್ದು. ಇಳಿಹೊತ್ತಿನ್ಯಾಗ ಉಡಚವ್ವ ಸಾವಕಾಶ ಮೊಣಕಾಲೂರಿ, ಕಪ್ಪು ನೆಲಕ್ಕ ನೆಟ್ಟಗ ಇಟ್ಟು, ಆಮ್ಯಾಲ ಬಿದ್ದಳು. ಕಪ್ಪಿನ್ಯಾಗ ಇನ್ನಾ ಎರಡು ಬೆರಳು ನೀರಿತ್ತು. ಧಣಿ ಬಂದ. ಕಪ್ಪು ಎತ್ತಿ ನೀರು ಚೆಲ್ಲಿ ಉಗುರಿಲೆ ಹೊಡದ. ಟಿಂಣ್.

“ಬಿರದಿಲ್ಲ,” ಅಂದ. ಆಕಿ ಸತ್ತಿದ್ದಳು.

ಮರುದಿನ ಮುಂಜಾನೆ ಕೀಲಿ ಹಾಕಿದ ಕಪಾಟದಾಗ ಆ ಒಂದು ಕಪ್ಪಿನ ತುಂಬ ನೀರು. ಚೆಲ್ಲಿದ್ರು. ಅದರ ಮರುದಿನ ಮತ್ತ ತುಂಬಿತ್ತು. ಮೂರನೇ ದಿನ ಧಣಿ ಗುತ್ತೆಪ್ಪನ ಕರದು, “ಗೌಸಸಾಬನ ಕಡೆ ಇದರ ಜೋಡಿ ಇನ್ನೊಂದು ಐತಿ. ಇದನ್ನ ಕೊಟ್ಟು ಅದನ್ನ ತಗೊಂಬಾ,” ಅಂತ ಕಳಿಸಿದ. ಬಾಯಾಗ ಎಂಟು ಹಲ್ಲು ಇಲ್ಲದಿದ್ರೂ ನಡೀತೈತಿ, ಕಪಾಟದಾಗ ಎಂಟು ಕಪ್ಪು ಇರಬೇಕು ಅವಗ.

ಗೌಸಸಾಬ ಪೆಟಗಿ ತಗದು ಹೊಟ್ಟು ಸರಿಸಿದ. ಹೊಟ್ಟು ಗರಿಗರಿ ಒಣಗಿತ್ತು. ಕಪ್ಪು ತುಂಬಿ ತುಳುಕತಿತ್ತು.

“ನೀರು ಯಾರು ಹಾಕಿದ್ರು?”

“ಯಾರೂ ಇಲ್ರಿ.”

“ಯಾ ಅಲ್ಲಾ... ನನ್ನ ಅಂಗಡಿಗೆ ಬ್ಯಾಡಪಾ ಇದು. ಬಂದ ದಾರಿ ಹಿಡಿ.”

ಹಂಗಂತ ತಿರಗಿ ಬರೂಮುಂದ ಆ ಬಾವಿ, ಆ ಆಲದ ಮರ.

ಟಿಂಣ್... ಮತ್ತ ಟಿಂಣ್. ಪೆಟಗಿ ಭಾರ ಆತು. ಕುತ್ತಿಗಿ ಹಿಂದ ಒಂದು ಹನಿ ಇಳೀತು, ತಣ್ಣಗ. ಗುತ್ತೆಪ್ಪ ಪೆಟಗಿ ಬಾವಿಕಟ್ಟಿ ಮ್ಯಾಲ ಇಳಸಿದ. ಆಗ ಬೆನ್ನ ಹಿಂದ, ಭಾಳ ಹತ್ತಿರ, ಪಿಸುದನಿ.

“ಅಣ್ಣಾ... ಆರೇತೇನ ನೋಡು.”

ಕೇಳ್ರಿ ಇಲ್ಲೆ. ಧಣಿ ಅಲ್ಲಿ ಇದ್ದಿದ್ದಿಲ್ಲ. ಸುತ್ತ ಒಂದು ನರಪಿಳ್ಳಿ ಇದ್ದಿದ್ದಿಲ್ಲ. ಕಪ್ಪಿನ ತುಂಬ ನೀರಿತ್ತು. ಕುಡಿಯವ್ವಾ ಅಂತ ಒಂದು ಮಾತು ಅಂದಿದ್ರ ಮುಗೀತಿತ್ತು. ಅವನ ಬಾಯಿಗೆ ಬಂದದ್ದು ಆವತ್ತಿನ ಮಾತ.

“ಇನ್ನಾ ಆರಿಲ್ಲ.”

ಬಾವಿ ಒಳಗ ಒಂದು ಹನಿ ಬಿತ್ತು. ತೊಟ್.

“ಹಂಗಾರ ನೀ ಹಿಡಿ.”

ಮುಂಜಾನೆ ನೀರಿಗೆ ಬಂದ ಹೆಣ್ಣಮಕ್ಕಳು ನೋಡಿದ್ರು. ಗುತ್ತೆಪ್ಪ ಬಾವಿ ಮುಂದ ಬಯಲಾಗ ನಿಂತಾನ, ಎರಡೂ ಕೈಯಾಗ ಕಪ್ಪು ಹಿಡಕೊಂಡು. ಅಂಚಿನ ತನಕ ನೀರು. ಎಳದ್ರ ಅಲಗಲಿಲ್ಲ. ತುಟಿ ಒಡದು ರಕ್ತ ಒಣಗಿತ್ತು. ನೆತ್ತಿ ಮ್ಯಾಲ ಬಿಸಿಲು ಬಂದಾಗ ಧಣಿ ಬಂದ. ಅವನ ಕೈಯಾಗಿನ ಕಪ್ಪು ತಗೊಂಡ, ನೀರು ಚೆಲ್ಲಿದ, ಉಗುರಿಲೆ ಹೊಡದ. ಟಿಂಣ್.

“ಬಿರದಿಲ್ಲ,” ಅಂದ. ಶಲ್ಯಾದಲೆ ಒರಸಿ ಮನಿಗೆ ಒಯ್ದ.

ಮುಂದ ಆ ಕಪ್ಪಿನ್ಯಾಗ ಒಂದ ದಿನಾನೂ ನೀರು ತುಂಬಲಿಲ್ಲ. ಎಂಟೂ ಒಣಗಿ ಸಾಲಾಗಿ ಕುಂತಾವ, ಬೇಕಾದ್ರ ನಾಳಿ ಹೋಗಿ ನೋಡ್ರಿ. ಧಣಿ ಉಂಡು ತಿಂದು ಗುಂಡಗ ಅದಾನ. ದೆವ್ವಕ್ಕೂ ದೊಡ್ಡವರ ಹೊಸ್ತಿಲ ದಾಟಾಕ ಅಪ್ಪಣಿ ಬೇಕೇನೋ. ನನಗ ಹೆದರಿಕಿಗಿಂತ ಸಿಟ್ಟ ಜಾಸ್ತಿ ಬರತೈತಿ.

ಗುತ್ತೆಪ್ಪನ ಕೈ ಮಾತ್ರ ಹಂಗ ಉಳದ್ವು, ಬೊಗಸಿ ಆಗಿ. ಎಂಟು ವರ್ಷ ಬದುಕಿದ. ಅವನ ಹೆಣತಿ ಶಾರವ್ವ ಉಣಸಬೇಕು, ಕುಡಸಬೇಕು. ಎಷ್ಟು ಕುಡಿಸಿದ್ರೂ ನೀರಡಿಕಿ ಅನ್ನಾಂವ. ಹೋದ ಬ್ಯಾಸಿಗಿಯಾಗ ಸತ್ತ. ಕಡೀಕ ನನ್ನ ಕರದು, “ಕುಡಿ ಅಂದಿದ್ರ ಆಗತಿತ್ತೋ ತಮ್ಮಾ,” ಅಂದ. ಶಾರವ್ವ ಬಾಯಾಗ ನೀರು ಬಿಟ್ಟಳು. ಇಳೀಲಿಲ್ಲ, ಕಟಬಾಯಿಂದ ಹೊರಗ ಬಂತು.

ಹೆಣದ ಕೈ ನೆಟ್ಟಗ ಮಾಡಾಕ ನನಗ ಹೇಳಿದ್ರು. ಇನ್ನಾ ಮೈ ತೊಳದಿದ್ದಿಲ್ಲ, ಮನ್ಯಾಗ ಹಂಡೇಕ ನೀರೂ ತುಂಬಿದ್ದಿಲ್ಲ. ಒಂದೊಂದ ಬೆರಳು ಬಿಡಿಸಿದೆ... ಬೊಗಸಿ ಒಳಗ ನೀರಿತ್ತು. ತಣ್ಣಗ. ನನ್ನ ಮುಂಗೈ ಮ್ಯಾಲ ಹರೀತು. ಸುಳ್ಳಂದ್ರ ಶಾರವ್ವನ್ನ ಕೇಳ್ರಿ, ನಾ ಒರಸಿಕೊಂಡದ್ದು ಆಕಿ ಸೆರಗಿಗೆ.