ಬಾವಿಯೊಳಗಿನ ಮೂರನೇ ಬಡಿತ

ಕತೆ ಕಟ್ತಿದ್ದೀನಿ ಅಂದ್ಕೋಬೇಡಿ. ಇದು ನನ್ನ ಚಿಕ್ಕಮ್ಮನ ಮಗಳಿಗೇ ಆದದ್ದು. ಆಸ್ಪತ್ರೆಯಲ್ಲಿ ಹೃದಯದ ಸ್ಕ್ಯಾನ್ ತೆಗೆಯೋ ಕೆಲಸ ಅವಳದು. ಗಟ್ಟಿ ಗುಂಡಿಗೆಯವಳು. ಶವಾಗಾರದ ಪಕ್ಕವೇ ಕೂತು ಊಟ ಮುಗಿಸೋಳು.

ಅವತ್ತು ರಾತ್ರಿ ಒಬ್ಬಳೇ ಮನೆ ಕಡೆ ನಡೀತಿದ್ದಳು. ದಾರಿಯಲ್ಲೊಂದು ಹಾಳು ಬಾವಿ... ಬಾಯಿಗೆ ಕಾಂಕ್ರೀಟ್ ಚಪ್ಪಡಿ ಮುಚ್ಚಿ ಎಷ್ಟೋ ವರ್ಷ ಆಗಿದೆ. ಅದನ್ನು ದಾಟುವಾಗ ಒಳಗಿಂದ ಸದ್ದು.

ಲಬ್... ಡಬ್.

ನಿಂತಳು. ಎಲ್ಲೋ ಪಂಪು ಓಡ್ತಿರಬೇಕು ಅಂದುಕೊಂಡಳು. ಮತ್ತೆ ಬಂತು. ಈ ಸಲ ಮೂರು. ಲಬ್-ಡಬ್... ದಬ್. ಲಬ್-ಡಬ್... ದಬ್. ಕುದುರೆ ಓಡಿದ ಹಾಗೆ. ಆ ಮೂರನೇ ಸದ್ದು ಅವಳಿಗೆ ಗೊತ್ತು. ಸೋತ ಹೃದಯ ಹಾಗೆ ಬಡಿಯುತ್ತೆ.

ತಕ್ಷಣ ಒಬ್ಬ ರೋಗಿ ನೆನಪಾದರು. ಯಾಕಂದ್ರೆ, ಸಂಜೆ ಅವಳೊಂದು ತಪ್ಪು ಮಾಡಿದ್ದಳು.

ವಾರ್ಡಿನಲ್ಲಿ ಒಬ್ಬ ಬಸ್ ಡ್ರೈವರ್ ಇದ್ದರು. ರಕ್ತದ ಕ್ಯಾನ್ಸರ್. ಅವರದ್ದೇ ರಕ್ತದ ಕಣ ತೆಗೆದು, ಕ್ಯಾನ್ಸರ್ ಜೊತೆ ಕಾದಾಡೋ ಹಾಗೆ ಮಾರ್ಪಡಿಸಿ, ವಾಪಸ್ ಮೈಗೆ ಬಿಟ್ಟು ಐದು ದಿನ ಆಗಿತ್ತು. ಆ ಕಣಗಳು ಕಾದಾಟಕ್ಕಿಳಿದಾಗ ಜ್ವರ ಏರುತ್ತೆ. ಕೆಲವರಿಗೆ ಹೃದಯಕ್ಕೂ ಪೆಟ್ಟು ಬೀಳುತ್ತೆ. ಅದಕ್ಕೇ ಮತ್ತೆ ಮತ್ತೆ ಸ್ಕ್ಯಾನ್.

"ಇಂಜಿನ್ ಹೇಗಿದೆಯಮ್ಮ?" ಅಂತ ನಕ್ಕಿದ್ದರು. ಆಮೇಲೆ ಮೆಲ್ಲಗೆ, "ಮಲಗಿದ್ರೂ ದಿಬ್ಬ ಹತ್ತಿದ ಹಾಗೆ ಏದುಸಿರು..."

"ಜ್ವರಕ್ಕೆ ಹಾಗಾಗುತ್ತೆ, ಅಣ್ಣ," ಅಂದಿದ್ದಳು.

ಹೃದಯ ಎಷ್ಟು ರಕ್ತ ಹಿಂಡುತ್ತೆ ಅನ್ನೋ ಅಂಕಿ ಹಿಂದಿನ ಸಲಕ್ಕಿಂತ ಸ್ವಲ್ಪ ಇಳಿದಿತ್ತು. ಅವರು ಮಗ್ಗುಲು ಸರಿಯಾಗಿ ತಿರುಗಿಲ್ಲ, ಅದಕ್ಕಿರಬೇಕು ಅಂತ ತನಗೆ ತಾನೇ ಹೇಳಿಕೊಂಡಳು. ದಿನದ ಹದಿನಾಲ್ಕನೇ ಸ್ಕ್ಯಾನ್ ಅದು. ಕೈ ಸೋತಿತ್ತು. 'ಮೊದಲಿನಂತೆಯೇ ಇದೆ' ಅಂತ ಬರೆದುಬಿಟ್ಟಳು.

ಈಗ ಚಪ್ಪಡಿ ಕೆಳಗಿಂದ ಪಿಸುದನಿ.

"ಸರಿಯಾಗಿ ನೋಡಿದ್ಯಾ?"

"ಯಾ... ಯಾರು?"

"ಇನ್ನೊಂದ್ಸಲ ನೋಡು."

ಚಪ್ಪಲಿ ಅಲ್ಲೇ ಬಿಟ್ಟು ಓಡಿದಳು. ಮನೆಗಲ್ಲ, ಆಸ್ಪತ್ರೆಗೆ. ಕೆಳಗಿನ ಸ್ಕ್ಯಾನ್ ಕೋಣೆಯ ಬೀಗ ತೆಗೆದು, ಮೆಷಿನ್ ತಳ್ಳಿಕೊಂಡು ಮೇಲಿನ ವಾರ್ಡಿಗೆ ಹೋದಳು. ಡ್ರೈವರಣ್ಣ ಬೆವರಲ್ಲಿ ತೊಯ್ದುಹೋಗಿದ್ದರು. ತುಟಿ ಬೂದಿ ಬಣ್ಣ. ಬಿಪಿ ಇಳೀತಿದೆ ಅಂತ ನರ್ಸ್ ಸಲೈನ್ ಏರಿಸ್ತಿದ್ದಳು. ಪರದೆ ಮೇಲೆ ಹೃದಯ ಹಿಂಡ್ತಾನೇ ಇಲ್ಲ... ಸುಮ್ಮನೆ ಅದುರ್ತಿದೆ.

"ಡಾಕ್ಟರನ್ನ ಕರೀರಿ! ಹೃದಯ ಸೋಲ್ತಿದೆ!"

ಡಾಕ್ಟರ್ ಓಡಿ ಬಂದ್ರು. ಸೋತ ಹೃದಯಕ್ಕೆ ಅದು ಇನ್ನೂ ಭಾರ ಅಂತ ಸಲೈನ್ ನಿಲ್ಲಿಸಿ ಬೇರೆ ಔಷಧಿ ಶುರು ಮಾಡಿದ್ರು. ಹದಿನೆಂಟು ದಿನ ಐಸಿಯು. ಬದುಕಿದರು ಅನ್ನಿ. ಬಸ್ ಮಾತ್ರ ಮತ್ತೆ ಓಡಿಸಲಿಲ್ಲ.

ಮರುದಿನ ಇವಳು ಡಾಕ್ಟರ ಮುಂದೆ ನಿಂತು ತಪ್ಪು ಒಪ್ಪಿಕೊಂಡಳು. "ಸಂಜೆಯದ್ದು, ರಾತ್ರಿಯದ್ದು, ಎರಡೂ ಸ್ಕ್ಯಾನ್ ನೋಡಿ ಸಾರ್. ನಂದೇ ತಪ್ಪು."

ಅವರು ಮೆಷಿನ್ ನೋಡಿ ಹುಬ್ಬು ಗಂಟಿಕ್ಕಿದ್ರು. "ಎರಡೆಲ್ಲಿ ಬಂತಮ್ಮ? ಮೂರಿದೆ."

ನಡುವಿನದ್ದು ಒಂಬತ್ತು ನಲವತ್ತಕ್ಕೆ. ಇವಳು ಬಾವಿ ಹತ್ತಿರ ನಿಂತಿದ್ದ ಹೊತ್ತು. ಮೆಷಿನ್ ಬೀಗ ಹಾಕಿದ ಕೆಳಗಿನ ಕೋಣೆಯಲ್ಲಿ, ಡ್ರೈವರಣ್ಣ ಮೇಲಿನ ಹಾಸಿಗೆಯಲ್ಲಿ. ಆದ್ರೂ ಅದು ಅವರದ್ದೇ ಹೃದಯ. ನಂಬಿ, ಬಿಡಿ... ನಾನು ಕಣ್ಣಾರೆ ನೋಡಿದ್ದೀನಿ. ಮೂರರಲ್ಲಿ ಅದೇ ಎಲ್ಲಕ್ಕಿಂತ ಸ್ಪಷ್ಟವಾಗಿದೆ. ತೆಗೆದವರ ಕೈ ಒಂಚೂರೂ ಅಲುಗಿಲ್ಲ.