ಎದುರಿನ ಒಲೆ

ವೇದಿಕೆಯ ಮೇಲಿರುವ ಅಧ್ಯಕ್ಷರಾದ ಉಮಾಕಾಂತರೇ, ವಡೋದರಾದಿಂದ ಈ ಬಿಸಿಲಲ್ಲಿ ಬಂದು ಹವಾಮಾನ ಬದಲಾವಣೆ ಮತ್ತು ಮನುಷ್ಯನ ಮನಸ್ಸಿನ ಬಗ್ಗೆ ಉಪನ್ಯಾಸ ಕೊಟ್ಟ ಮನಶ್ಶಾಸ್ತ್ರಜ್ಞೆ ಡಾ. ಮೇದಿನಿಯವರೇ, ಅಹಮದಾಬಾದಿನ ಕನ್ನಡ ಬಂಧುಗಳೇ, ಫ್ಯಾನಿನ ಕೆಳಗೇ ಜಾಗ ಹಿಡಿದಿರುವ ಜಾಣ ಸಭಿಕರೇ,

ಮೊದಲು ಒಂದು ತಕರಾರು. ಮೇ ತಿಂಗಳಲ್ಲಿ ನನಗೆ ಉಣ್ಣೆಯ ಶಾಲು ಹೊದಿಸಿದ್ದೀರಿ. ಹೊದಿಸಿದವರಿಗೂ ಸೆಕೆ, ಹೊದ್ದವಳಿಗೂ ಸೆಕೆ. ಆದರೂ ಬೇಡ ಎಂದವರು ಯಾರು? ಸನ್ಮಾನ ಎಂದರೆ ಶಾಲು, ಅಷ್ಟೆ. ಮೇದಿನಿಯವರೇ, ನಿಮ್ಮ ಉಪನ್ಯಾಸಕ್ಕೆ ಇನ್ನೊಂದು ಉದಾಹರಣೆ ಬೇಕಿದ್ದರೆ ಇದನ್ನು ಸೇರಿಸಿಕೊಳ್ಳಿ.

ನರೋಡಾದಲ್ಲಿ ಹೋಟೆಲು ನಡೆಸುವ ಹೆಂಗಸು ಎಂದು ಈ ಶಾರದೆಯನ್ನು ಸನ್ಮಾನಿಸಿದ್ದೀರಿ. ನಾನು ಮನಶ್ಶಾಸ್ತ್ರ ಓದಿದವಳಲ್ಲ. ಆದರೆ ಒಂದು ಮನಸ್ಸಿನ ಜೊತೆ ಮೂವತ್ತು ವರ್ಷ ಸಂಸಾರ ಮಾಡಿದ್ದೇನೆ. ನನ್ನ ಯಜಮಾನರಾದ ಪದ್ಮನಾಭರನ್ನು ನೀವೆಲ್ಲ ಬಲ್ಲಿರಿ. ಅವರ ಕೈಯ ದೋಸೆ ತಿನ್ನದವರು ಈ ಸಭೆಯಲ್ಲಿ ಯಾರಿದ್ದೀರಿ?

ನಾವು ಉಡುಪಿ ಕಡೆಯವರು. ನಮ್ಮಲ್ಲಿ ಸೆಕೆಯೆಂದರೆ ಬೆವರು. ಅಂಗಿ ಹಿಂಡಿದರೆ ನೀರು ಬರಬೇಕು, ಆಗ ಸೆಕೆ. ಇಲ್ಲಿಯ ಒಣ ಬಿಸಿಲಿನಲ್ಲಿ ಬೆವರು ಮೈಮೇಲೆ ನಿಲ್ಲುವುದೇ ಇಲ್ಲ, ಬಂದದ್ದೇ ಆರಿಹೋಗುತ್ತದೆ. "ಇದೆಂತ ಸೆಕೆ ಮಾರಾಯ್ತಿ? ಅಂಗಿ ಒಣಗಿಯೇ ಉಂಟಲ್ಲ!" ಎನ್ನುತ್ತಿದ್ದರು ನಮ್ಮ ಯಜಮಾನರು. ವರ್ಷದಿಂದ ವರ್ಷಕ್ಕೆ ಬಿಸಿಲು ಏರಿತು, ಅವರ ಲೆಕ್ಕ ಮಾತ್ರ ಊರಿನದೇ ಉಳಿಯಿತು.

ತಿಳಿಯದವರೇ? ಖಂಡಿತ ಅಲ್ಲ. ಮೊಬೈಲಿಗೆ ರೆಡ್ ಅಲರ್ಟ್ ಬಂದರೆ ಗಟ್ಟಿಯಾಗಿ ಓದಿ, ಮಧ್ಯಾಹ್ನ ಹೊರಗೆ ಹೋಗಬೇಡಿ ಎಂದು ಗಿರಾಕಿಗಳಿಗೆ ಹಿಂದಿಯಲ್ಲೂ ಗುಜರಾತಿಯಲ್ಲೂ ಬುದ್ಧಿ ಹೇಳುತ್ತಿದ್ದರು. ಹೇಳಿ, ಮತ್ತೆ ಒಲೆಯ ಮುಂದೆ ನಿಲ್ಲುತ್ತಿದ್ದರು.

ನಮ್ಮ ದೋಸೆ ಒಲೆ ಹೋಟೆಲಿನ ಮುಂಭಾಗದಲ್ಲಿದೆ. ರಸ್ತೆಯ ಆಚೆ ನನ್ನ ಮೈದುನ ಬಾಲಚಂದ್ರ ಅವರ ಹೋಟೆಲು, ಅವರ ಒಲೆಯೂ ಮುಂಭಾಗದಲ್ಲೇ. ಅಣ್ಣ ತಮ್ಮ ಜಗಳವಾಡಿದವರಲ್ಲ, ಆದರೆ ಸೋಲಲು ಒಪ್ಪದವರು. ಮಧ್ಯಾಹ್ನದ ಹೊತ್ತಿನಲ್ಲಾದರೂ ಒಲೆ ಆರಿಸಿ ಎಂದು ನಾನು ಅಂಗಲಾಚಿದರೆ, "ಅವ ಮೊದಲು ಆರಿಸಲಿ, ಮತ್ತೆ ನೋಡುವ" ಎಂಬುದೇ ಉತ್ತರ.

ಕಳೆದ ಮೇ ತಿಂಗಳ ಒಂದು ಮಧ್ಯಾಹ್ನ ಅವರು ಒಲೆಯ ಮುಂದೆಯೇ ಕುಸಿದರು. ಮುಟ್ಟಿ ನೋಡಿದೆ, ಮೈ ಕಾವಲಿಯ ಹಾಗೆ ಸುಡುತ್ತಿತ್ತು. ಅಂಗಿ ಒಣಗಿಯೇ ಇತ್ತು. ಆಸ್ಪತ್ರೆಯಿಂದ ಅವರು ಜೀವಂತ ಮನೆಗೆ ಬರಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಬಾಲಚಂದ್ರ ಅತ್ತರು. "ನಿಮ್ಮ ಒಲೆ ಆರಲಿ ಅಂತ ನಾನೂ ಕಾಯ್ತಾ ಇದ್ದೆ ಅತ್ತಿಗೆ" ಎಂದರು. ಕ್ಷಮಿಸಿ, ಇದನ್ನು ಹೇಳಬೇಕೆಂದು ನಾನು ಬಂದಿರಲಿಲ್ಲ. ಆ ದಿನದಿಂದ ಅವರೊಂದಿಗೆ ಮಾತಾಡಿಲ್ಲ. ಹೊಟ್ಟೆ ಉರಿಯಿತು ಸ್ವಾಮಿ! ಇಬ್ಬರಿಗೂ ಗೊತ್ತಿತ್ತಂತೆ! ಇಬ್ಬರೂ ಕಾಯುತ್ತಿದ್ದರಂತೆ!

ಬೇರೆಯವರು ಮೊದಲು ಹೊಗೆ ಕಡಿಮೆ ಮಾಡಲಿ ಎಂದು ದೇಶ ದೇಶಗಳೇ ಕಾಯುತ್ತಿವೆ ಎಂದು ಮೇದಿನಿಯವರು ಆಗಲೇ ಹೇಳಿದರು. ದೇಶಗಳ ವಿಷಯ ನನಗೆ ತಿಳಿಯದು. ನಮ್ಮ ರಸ್ತೆಯ ವಿಷಯ ತಿಳಿದಿದೆ. ಹೆದರಿಸಿದರೆ ನಾವು ಹೆದರುವುದಿಲ್ಲ. ಅಂಕಿಅಂಶ ತೋರಿಸಿದರೆ ತಲೆಯಾಡಿಸುತ್ತೇವೆ. ಎದುರಿನವರು ಎದ್ದರೆ ಮಾತ್ರ ಏಳುತ್ತೇವೆ. ಹಾಗಾದರೆ ಯಾರಾದರೊಬ್ಬರು ಮೊದಲು ಏಳಬೇಡವೇ?

ಈ ಬೇಸಿಗೆಯ ಮೊದಲ ರೆಡ್ ಅಲರ್ಟ್ ನಾಳೆಗೆ ಬಂದಿದೆ. ಬಾಲಚಂದ್ರ ಅಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ದೋಸೆಯನ್ನು ಈಗಲೂ ಅವರೇ ಹುಯ್ಯುತ್ತಾರೆ. ಅಣ್ಣನದೇ ಮೈಕಟ್ಟು, ಅಣ್ಣನದೇ ಹಟ. ನನಗೆ ಭಯವಾಗಿದೆ.

ಬಾಲಚಂದ್ರ, ಇತ್ತ ನೋಡಿ, ತಲೆ ತಗ್ಗಿಸಬೇಡಿ. ನಾಳೆ ಬಿಸಿಲೇರುವ ಮೊದಲೇ ನಾನು ಒಲೆ ಆರಿಸುತ್ತೇನೆ. ಬೆಳಿಗ್ಗೆಯೇ ಕಲಸಿಟ್ಟ ಮೊಸರನ್ನ, ಮಜ್ಜಿಗೆ, ಅಷ್ಟೇ. ಗಿರಾಕಿ ಬಂದರೆ ಬರಲಿ, ಹೋದರೆ ಹೋಗಲಿ. ಅತ್ತಿಗೆ ಸೋತರು ಎಂದು ಬೇಕಾದರೆ ಬೋರ್ಡು ಹಾಕಿಸಿ. ನನ್ನ ಒಲೆ ಆರಿದ್ದು ಕಂಡ ಕೂಡಲೇ ನಿಮ್ಮದನ್ನೂ ಆರಿಸಿ, ರಸ್ತೆ ದಾಟಿ ಊಟಕ್ಕೆ ಬನ್ನಿ. ನಿಮಗೆ ಬಡಿಸದೆ ಒಂದು ವರ್ಷವಾಯಿತು.

ಉಮಾಕಾಂತರೇ, ಈ ಶಾಲು ತೆಗೆಯುತ್ತಿದ್ದೇನೆ, ಅಗೌರವ ಎಂದುಕೊಳ್ಳಬೇಡಿ. ಯಾರಾದರೂ ಮೊದಲು ತೆಗೆಯಬೇಕಲ್ಲ. ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ ನಾನು ಋಣಿ. ನಮಸ್ಕಾರ.