ಗುಳಿ ಬಿದ್ದ ಸಾಣೆಕಲ್ಲು

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಕೂಡಲೇ ಬಂಗಲೆ, ಕಾರು ಅಂತ ಕಣ್ಣಮುಂದೆ ತಂದುಕೊಳ್ಳಬೇಡಿ. ಅವನ ಸಿರಿಯೆಲ್ಲ ಉಳಿಗಳದು. ಬಾಗಿಲಿನ ಮೇಲೆ ಬಳ್ಳಿ ಕೆತ್ತುವ ಬಡಗಿ ಮೇಸ್ತ್ರಿ ಅವನು. ಇಪ್ಪತ್ತೆರಡು ಉಳಿ; ಉಳಿಯೇ ಅವನ ಉಳಿತಾಯ. ಅಷ್ಟಕ್ಕೂ ಸೇರಿ ಒಂದೇ ಸಾಣೆಕಲ್ಲು: ಹಳದಿ ಬಣ್ಣದ್ದು, ಬೆಣ್ಣೆಯಂತೆ ನುಣುಪು, ಕೆಲಸ ಕಲಿಸಿದ ಗುರು ಕೊಟ್ಟದ್ದು.

ಕೊಡುವಾಗ ಗುರು ಒಂದು ಮಾತು ಹೇಳಿದ್ದರು. "ನೋಡಪ್ಪಾ, ಉಳಿ ಮಸೆದೂ ಮಸೆದೂ ಕಲ್ಲು ನಡುವೆ ಸವೆಯುತ್ತೆ. ಅಮಾವಾಸ್ಯೆ ನಮಗೆ ರಜಾ, ಅವತ್ತು ಮರದ ಕೆಲಸ ಇಲ್ಲ. ಆ ದಿನ ಕಲ್ಲನ್ನ ಚಪ್ಪಡಿ ಮೇಲೆ ತಿಕ್ಕಿ ಸಮ ಮಾಡು. ಒಂದು ಅಮಾವಾಸ್ಯೆನೂ ಬಿಡಬೇಡ."

ಮೊದಲ ವರ್ಷ ಮಾಡಿದ. ಎರಡನೇ ವರ್ಷ ನೆನಪಾದಾಗ ಮಾಡಿದ. ಆಮೇಲೆ? ಆಮೇಲೆ ತಿಕ್ಕುವುದನ್ನು ಬಿಟ್ಟು ಪೂಜೆ ಶುರು ಮಾಡಿದ. ಕಲ್ಲಿಗೆ ವಿಭೂತಿ, ಕುಂಕುಮ, ಮೇಲೊಂದು ಹೂವು. ಎರಡು ನಿಮಿಷದ ಕೆಲಸ ನೋಡಿ, ತೋಳೂ ನೋಯುವುದಿಲ್ಲ! ಮೂವತ್ತು ವರ್ಷ ಹೀಗೇ ನಡೆಯಿತು. ಕಲ್ಲಿನ ನಡುವೆ ತಟ್ಟೆಯಂತೆ ಗುಳಿ ಬಿತ್ತು. ಅದರಲ್ಲಿ ನೀರು ನಿಂತರೆ ಬೆರಳದ್ದಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ತೀರ್ಥವಂತೆ! ತನ್ನ ಸೋಮಾರಿತನವನ್ನೇ ತೀರ್ಥ ಮಾಡಿಕೊಂಡ.

ಗುಳಿ ಬಿದ್ದ ಕಲ್ಲಿನ ಮೇಲೆ ಮಸೆದ ಉಳಿಯ ಬಾಯಿ ನೇರ ಇದ್ದೀತೇ? ಉಬ್ಬಿತು. ಮರಕ್ಕೆ ಮರ ಕೂರಿಸಿದಲ್ಲಿ ಸಂದು ಬಿತ್ತು. ಆಗ ಮೇಸ್ತ್ರಿ ಯಾರನ್ನು ಬೈದ? ಮೂಗಿನಲ್ಲೇ ಮಾತಾಡುವ ಆಸಾಮಿ, ಅವನ ಹಾಗೇ ಹೇಳುತ್ತೇನೆ ಕೇಳಿ. "ಮರಾನೇನೋ ಇದು, ಒಳ್ಳೇ ಬೆಂಡು!" ಮರುದಿನ ಉಳಿಯನ್ನು ಬೈದ. "ಉಕ್ಕಂತೆ ಉಕ್ಕು! ಒಲೆ ಮೇಲಿನ ಹಾಲು ಇದಕ್ಕಿಂತ ಚೆನ್ನಾಗಿ ಉಕ್ಕುತ್ತೆ!" ಮೂರನೇ ದಿನ ಹೆಂಡತಿಯನ್ನು ಬೈದ. "ನೀನು ಎದುರಿಗೆ ಬಂದೆ ನೋಡು, ಕೈ ತಪ್ತು!"

ನಗುತ್ತೀರಿ. ಮೂರನೇ ಸಾಲಿನ ತಾಯಿ ಯಜಮಾನರ ಕಡೆ ತಿರುಗಿ ನಗುತ್ತಿದ್ದಾರೆ. ನಕ್ಕುಬಿಡಿ ತಾಯೀ, ಇನ್ನು ಮುಂದೆ ನಗು ಬರುವುದಿಲ್ಲ.

ಮೇಸ್ತ್ರಿಯ ಜೊತೆ ಕೆಲಸಕ್ಕಿದ್ದವನು ಅವನ ಅಕ್ಕನ ಮಗ. ಇಪ್ಪತ್ತು ವರ್ಷ ಜೊತೆಗಿದ್ದು ಮಾವನ ಎದುರು ಒಮ್ಮೆಯೂ ದನಿ ಎತ್ತದವನು. ಕೂರದ ಬಾಗಿಲೊಂದು ವಾಪಸ್ ಬಂದ ದಿನ, ಈ ಅಳಿಯ ಪೇಟೆಗೆ ಹೋಗಿ ಒಂದು ವಜ್ರದ ಹಲಗೆ ತಂದ. ವಜ್ರ ಅಂದರೆ ಮೂಗುತಿಯದ್ದಲ್ಲ; ಅಂಗೈಯಗಲದ ಉಕ್ಕಿನ ಹಲಗೆ, ಮೈತುಂಬ ವಜ್ರದ ಪುಡಿ ಕೂರಿಸಿರುತ್ತಾರೆ. ಸಾಣೆಕಲ್ಲನ್ನೇ ಸಮ ಮಾಡುವಂಥದ್ದು.

"ಮಾವ, ಕಲ್ಲಿನ ಮೇಲೆ ಪೆನ್ಸಿಲಲ್ಲಿ ಗೆರೆ ಎಳೆಯೋದು, ಇದರಿಂದ ತಿಕ್ಕೋದು. ಎಲ್ಲಾ ಗೆರೆ ಅಳಿಸಿದ್ರೆ ಕಲ್ಲು ಸಮ. ಎಲ್ಲಿ ಉಳೀತೋ ಅಲ್ಲಿ ಗುಳಿ. ಆದ್ರೆ ಇವತ್ತೇ ಬೇಡ. ಹೊಸಾ ಹಲಗೆ, ಹರಳು ಎದ್ದು ನಿಂತಿರ್ತವೆ, ನುಣುಪು ಕಲ್ಲನ್ನ ಗೀರಿಬಿಡ್ತವೆ. ಮೊದ್ಲು ಒಂದು ವಾರ ಒರಟು ಕಲ್ಲಿನ ಮೇಲೆ ನೀರು ಹಾಕಿ, ಹಗುರವಾಗಿ ಆಡಿಸಿ ಪಳಗಿಸ್ಬೇಕು."

"ಗುರುಗಳ ಕಲ್ಲಲ್ಲಿ ಗುಳಿ ಹುಡುಕ್ತೀಯೇನೋ?"

"ಕಲ್ಲಿನ ತಪ್ಪಲ್ಲ ಮಾವ, ನಾವೇ ನೋಡ್ಕೊಳ್ಲಿಲ್ಲ..."

"ನಾವಾ? ನೀನ್ಯಾವನೋ? ನಿನ್ನ ಸಾಮಾನು ತಗೊಂಡು ನಡಿ!"

ಅಳಿಯ ನಡೆದ. ತನ್ನ ಉಳಿಗಳನ್ನು ಚೀಲಕ್ಕೆ ತುಂಬಿಕೊಂಡ. ಹಲಗೆಯನ್ನು ಮಾತ್ರ ಕಟ್ಟೆಯ ಮೇಲೇ ಬಿಟ್ಟ. ಮಾವನಿಗೆ ಬೇಕಾದೀತು ಅಂತ.

ಮೂರನೇ ದಿನ ಮಧ್ಯಾಹ್ನ, ಯಾರೂ ಇಲ್ಲದ್ದು ನೋಡಿ, ಮೇಸ್ತ್ರಿ ಗೆರೆ ಎಳೆದು ತಿಕ್ಕಿದ. ಅಂಚಿನ ಗೆರೆಗಳು ಹೋದವು. ನಡುವಿನವು ಹಾಗೇ ಇದ್ದವು, ಒಂದೂ ಅಲುಗಲಿಲ್ಲ. ನಾಚಿಕೆಯಾಯಿತು. ನಾಚಿಕೆ ಒಳ್ಳೆಯದೇ. ಅದರ ಹಿಂದೆಯೇ ಆತುರ ಬಂತು, ಅದು ಕೆಟ್ಟದ್ದು. ಒಂದು ವಾರ ಪಳಗಿಸುತ್ತಾ ಕೂತರೆ ಯಾರಾದರೂ ನೋಡಿಬಿಡುತ್ತಾರೆ! ಸಂಜೆಯೊಳಗೆ ಮುಗಿಸಬೇಕು! ಪಳಗದ ಹಲಗೆ; ನೀರೂ ಇಲ್ಲ; ಮೈಭಾರವನ್ನೆಲ್ಲ ಹಾಕಿ ಒತ್ತಿದ. ಕರ್, ಕರ್, ಕರ್. ಗೀರು ಬಿತ್ತು. ಗೀರು ಹೋಗಲೆಂದು ಇನ್ನೂ ಒತ್ತಿದ. ಎರಡು ಮರದ ತುಂಡುಗಳ ಮೇಲೆ ಕೂತಿದ್ದ ಕಲ್ಲು, ನಡುವೆ ಹಪ್ಪಳದಷ್ಟು ತೆಳ್ಳಗಾಗಿತ್ತು. ಟಕ್! ಎರಡು ಹೋಳು.

ಹೋಳುಗಳನ್ನು ಟವೆಲಿನಲ್ಲಿ ಸುತ್ತಿ ಗುರುವಿನ ಬಳಿ ಹೋದ. ಗುರುವಿಗೆ ಕಣ್ಣು ಹೋಗಿ ಎಷ್ಟೋ ವರ್ಷವಾಗಿತ್ತು. ಅವರು ಬೆರಳಾಡಿಸಿ ನೋಡಿದರು.

"ಎಷ್ಟು ಅಮಾವಾಸ್ಯೆ ಬಿಟ್ಟೆಯಪ್ಪಾ?"

ಇವನು ಬೆರಳು ಮಡಚಿ ಎಣಿಸಲು ಹೊರಟ, ಬೆರಳು ಸಾಲಲಿಲ್ಲ.

"ಗುಳಿ ಬಿದ್ದಿದೆ ಅಂತ ಯಾರೂ ಹೇಳ್ಲಿಲ್ವೆ?"

"ಅಳಿಯ ಹೇಳಿದ."

"ಎಲ್ಲಿ ಅವನು?"

"ಕಳಿಸಿಬಿಟ್ಟೆ."

ಗುರು ಹೋಳುಗಳನ್ನು ಮತ್ತೆ ಟವೆಲಿನಲ್ಲಿ ಸುತ್ತಿ ಅವನ ಕೈಗಿಟ್ಟರು. "ಕಲ್ಲು ಇನ್ನೊಂದು ಸಿಕ್ಕೀತು" ಅಂದರು. ಅಷ್ಟೇ ಅಂದರು.

ಮೇಸ್ತ್ರಿ ಅಲ್ಲಿಂದ ನೇರ ಅಕ್ಕನ ಮನೆಗೆ ಹೋದ. ಅಕ್ಕ ಮಜ್ಜಿಗೆ ಕೊಟ್ಟಳು. ಅಳಿಯ ಆಗಲೇ ಇನ್ನೊಬ್ಬರ ಬಳಿ ಕೆಲಸಕ್ಕೆ ಸೇರಿದ್ದ; ಸಂಜೆ ಮನೆಗೆ ಬಂದ. "ಗುಳಿ ಇತ್ತು ಕಣೋ. ನೀನು ಹೇಳಿದ್ದು ನಿಜ" ಅಂದ ಮಾವ.

ಅಳಿಯ ನಕ್ಕ. "ಇಲ್ಲ ಬಿಡು ಮಾವ, ನೀನು ಹೇಳಿದ್ದೇ ಸರಿ."

ಕೇಳಿಸಿಕೊಂಡಿರಾ? ಕಲ್ಲು ಒಡೆದದ್ದಕ್ಕಿಂತ ಘೋರವಾದದ್ದು ಈ ಮಾತು. ಇನ್ನು ಆ ಬಾಯಿ ಮಾವನಿಗೆ ಯಾವ ಗುಳಿಯನ್ನೂ ತೋರಿಸುವುದಿಲ್ಲ. ಮೇಸ್ತ್ರಿ ಬದುಕಿರುವವರೆಗೂ ಅವನು ಹೇಳಿದ್ದೇ ಸರಿ!

ನಿಮ್ಮ ಮನೆಯಲ್ಲಿ "ನೀವು ಹೇಳಿದ್ದೇ ಸರಿ" ಅನ್ನುವವರು ಯಾರು? ಅದನ್ನು ಮರ್ಯಾದೆ ಅಂದುಕೊಂಡಿದ್ದೀರಾ? ಅವರು ನಿಮಗೆ ನಿಜ ಹೇಳಿದ ಕೊನೆಯ ದಿನ ನೆನಪಿದೆಯೇ? ಅವತ್ತು ನೀವು ಏನಂದಿರಿ? ದೇವರ ಮನೆಯಲ್ಲಿ ಹೂವಿಟ್ಟು ಕೈ ಮುಗಿದು ಬಂದು, ಅದೇ ಬಾಯಿಂದ "ನಡಿ ಆಚೆ" ಅಂದಿರೇ?

ಇವತ್ತು ಊಟಕ್ಕೆ ಕೂತಾಗ ಅವರನ್ನು ಕೇಳಿ: "ನಾನು ಎಲ್ಲಿ ತಪ್ಪುತ್ತಿದ್ದೇನೆ?" ಏನಿಲ್ಲ ಅನ್ನುತ್ತಾರೆ. ಹೆದರಿಕೆ, ಪಾಪ. ನಾಳೆ ಮತ್ತೆ ಕೇಳಿ. ಒಂದು ದಿನ ಹೇಳುತ್ತಾರೆ. ಆಗ ಎದುರು ಮಾತಾಡಬೇಡಿ, ತುತ್ತು ನುಂಗಿ, ಮಾತನ್ನೂ ನುಂಗಿ. ಇನ್ನೊಂದು. ನನ್ನ ಮಾತು ಕೇಳಿ ಹುಮ್ಮಸ್ಸಿನಿಂದ ಹೋಗಿ ಮನೆಯವರನ್ನೆಲ್ಲ ಸಂಜೆಯೊಳಗೆ ತಿದ್ದಲು ಕೂರಬೇಡಿ. ನೀವಿನ್ನೂ ಹೊಸ ಹಲಗೆ. ಮೊದಲು ನಿಮ್ಮ ಒರಟು ಸವೆಯಲಿ.

ಬರುವ ಸೋಮವಾರ ಅಮಾವಾಸ್ಯೆ. ಅದನ್ನು ಬಿಡಬೇಡಿ.